ಲಿವರಿಗೆ ಉಪಕಾರ ಮಾಡಹೋಗಿ

ನಮ್ಮೂರಿನ ಮೆಡಿಕಲ್ ಶಾಪಿನ ಮುಂದೆ ಸಂಜೆ ಹೊತ್ತು ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಅಣ್ಣಾ, ಲಿವರ್‌ಗೆ ಒಂದು ಟಾನಿಕ್ ಕೊಡಿ.' ಕೇಳುವವರಲ್ಲಿ ಅರಿಶಿನ ಕಾಮಾಲೆಯಿಂದ ಈಗಷ್ಟೇ ಎದ್ದವರಿದ್ದಾರೆ, ಶನಿವಾರದ ಕುಡಿತಕ್ಕೆ ಸೋಮವಾರ ಪ್ರಾಯಶ್ಚಿತ್ತ ಹುಡುಕುವವರಿದ್ದಾರೆ, ಮಗು ತಟ್ಟೆ ಮುಟ್ಟುತ್ತಿಲ್ಲವೆಂದು ಕಂಗಾಲಾದ ತಾಯಂದಿರಿದ್ದಾರೆ. ಯಾರಿಗೆ, ಏನಾಗಿದೆ ಎಂದು ಅಂಗಡಿಯವನು ಕೇಳುವುದಿಲ್ಲ. ಕೈ ಎತ್ತಿ ಬಾಟಲಿ ಇಳಿಸುತ್ತಾನೆ. ಅದನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರೆ ಹಲವು ಸಿರಪ್ಪು, ಕ್ಯಾಪ್ಸೂಲುಗಳಲ್ಲಿ ಕೋಲಿನ್, ಇನೊಸಿಟಾಲ್, ಬಿ ಗುಂಪಿನ ವಿಟಮಿನ್ನುಗಳ ಪಕ್ಕದಲ್ಲಿ ಒಂದು ಹೆಸರು ಕುಳಿತಿರುತ್ತದೆ: ಮಿಥಿಯೊನಿನ್. ಅದೊಂದು ಅಮೈನೋ ಆಮ್ಲ. ಅದೇ ಬೀದಿಯ ತುದಿಯ ಜಿಮ್ಮಿನಲ್ಲಿ ಅದರ ಅಣ್ಣತಮ್ಮಂದಿರ ಹೆಸರುಗಳು ದೊಡ್ಡ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಮೆರೆಯುತ್ತಿವೆ.

ಈ ಬಾಟಲಿ, ಆ ಡಬ್ಬಿ ಎರಡರ ಬೆನ್ನಿಗೂ ಒಂದೇ ನಂಬಿಕೆ ನಿಂತಿದೆ. ಪೂರ್ವಪಕ್ಷವನ್ನು ಸಪ್ಪೆ ಮಾಡಿ ಗೆದ್ದರೆ ಗೆದ್ದಂತಲ್ಲ. ಆದ್ದರಿಂದ ಅದನ್ನು ಅದರ ಪೂರ್ಣ ಬಲದಲ್ಲೇ ಹೇಳಿಬಿಡುತ್ತೇನೆ. ಒಂದು, ಅಮೈನೋ ಆಮ್ಲ ರಾಸಾಯನಿಕ ಮದ್ದಲ್ಲ, ಪ್ರೋಟೀನಿನ ಬಿಡಿಭಾಗ. ಬೇಳೆಯಲ್ಲಿ, ಹಾಲಿನಲ್ಲಿ, ಮೊಟ್ಟೆಯಲ್ಲಿ ಇರುವುದೇ ಅದು, ಊಟ ಯಾರನ್ನು ಕೊಂದಿದೆ? ಎರಡು, ಮಿಥಿಯೊನಿನ್ ಕಡಿಮೆಯಾದರೆ ಲಿವರಿಗೆ ಕೊಬ್ಬು ಹತ್ತುತ್ತದೆಂದು ವಿಜ್ಞಾನವೇ ತೋರಿಸಿದೆ. ಹಾಗಾದರೆ ಕೊಟ್ಟಷ್ಟೂ ಲಿವರ್ ಚೆನ್ನಾಗಿರಬೇಕು. ಮೂರು, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ದೇಹಕ್ಕೆ ಬುದ್ಧಿಯಿದೆ. ನಾಲ್ಕು, ಲಿವರ್ ಕೆಟ್ಟವರಿಗೆ ಡಾಕ್ಟರುಗಳೇ ಅಮೈನೋ ಆಮ್ಲ ಕೊಡುತ್ತಾರೆ; ಅವರಿಗಿಂತ ನೀನು ಹೆಚ್ಚು ತಿಳಿದವನೋ?

ಈ ನಾಲ್ಕೂ ಮಾತುಗಳಲ್ಲಿ ಸತ್ಯದ ಎಳೆಯಿದೆ, ಅದಕ್ಕೇ ಇವು ಇಷ್ಟು ಬಾಳಿಕೆ ಬಂದಿವೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಉಪ್ಪಿಗೆ, ಸಕ್ಕರೆಗೆ, ತುಪ್ಪಕ್ಕೆ ಅದನ್ನು ಧಾರಾಳವಾಗಿ ಬಳಸುತ್ತೇವೆ. ಪ್ರೋಟೀನಿನ ಬಾಗಿಲಿಗೆ ಬಂದಾಗ ಮಾತ್ರ ಆ ಗಾದೆಯನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ನನ್ನ ವಾದ ಇಷ್ಟೇ: ಇಲ್ಲದಿದ್ದರೆ ಕೆಡುತ್ತದೆ ಎಂಬುದರಿಂದ ಹೆಚ್ಚಾದರೆ ಒಳ್ಳೆಯದು ಎಂಬ ತೀರ್ಮಾನ ಹುಟ್ಟುವುದಿಲ್ಲ. ಹುಟ್ಟಿಸಿದವರು ತಪ್ಪು ಮಾಡಿದರು. ಆ ತಪ್ಪು ಹೊರಬಿದ್ದು ಅರ್ಧ ಶತಮಾನಕ್ಕಿಂತ ಹೆಚ್ಚಾಯಿತು. ಅಂಗಡಿಯ ಕಪಾಟಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಎರಡನೆಯ ಮಾತಿನಿಂದ ಶುರುಮಾಡುತ್ತೇನೆ, ಏಕೆಂದರೆ ಲಿವರ್ ಟಾನಿಕ್ಕಿನ ವಂಶವೃಕ್ಷದ ಬೇರು ಅಲ್ಲಿದೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ಮತ್ತು ಅವರ ಸಹೋದ್ಯೋಗಿ ಗ್ಲಿನ್ ಇಲಿಗಳಿಗೆ ಪ್ರೋಟೀನ್ ಕಡಿಮೆಯಿದ್ದ ಆಹಾರ ಹಾಕಿದರು. ಇಲಿಗಳ ಲಿವರ್ ಕೊಳೆತು ಸತ್ತಂತಾಯಿತು. ಗಂಧಕವಿರುವ ಅಮೈನೋ ಆಮ್ಲಗಳಾದ ಸಿಸ್ಟಿನ್ ಅಥವಾ ಮಿಥಿಯೊನಿನ್ ಸೇರಿಸಿದಾಗ ಲಿವರ್ ಉಳಿಯಿತು. 1944ರಲ್ಲಿ ಈ ಫಲಿತಾಂಶ ಹೊರಬಂದಾಗ ವೈದ್ಯಲೋಕ ಹಿಗ್ಗಿತು. ಅದೇ ಕಾಲಕ್ಕೆ ಬ್ರಿಟಿಷ್ ಸೇನೆಯಲ್ಲಿ ಸಿಫಿಲಿಸ್‌ಗೆ ಆರ್ಸೆನಿಕ್ ಇಂಜೆಕ್ಷನ್ ಪಡೆದ ಸೈನಿಕರು ಸಾಲುಸಾಲಾಗಿ ಕಾಮಾಲೆಗೆ ಬೀಳುತ್ತಿದ್ದರು. ಆರ್ಸೆನಿಕ್ಕು ದೇಹದ ಗಂಧಕವನ್ನು ಕಬಳಿಸಿದೆ, ಮಿಥಿಯೊನಿನ್ ಕೊಟ್ಟರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದರು. ಲೆಕ್ಕ ಅಂದವಾಗಿತ್ತು. ಆದರೆ ಆ ಕಾಮಾಲೆಗೆ ಆರ್ಸೆನಿಕ್ಕೂ ಕಾರಣವಲ್ಲ, ಗಂಧಕದ ಕೊರತೆಯೂ ಕಾರಣವಲ್ಲ. ಸರಿಯಾಗಿ ಕುದಿಸದ ಸಿರಿಂಜುಗಳಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತಿದ್ದ ವೈರಸ್. ಸಾಂಕ್ರಾಮಿಕ ಕಾಮಾಲೆಯ ರೋಗಿಗಳಿಗೆ ಮಿಥಿಯೊನಿನ್ ಕೊಟ್ಟು 1945ರ ಸುಮಾರಿಗೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಇಲಿಗಳ ಕಥೆಯಾದರೂ ನಿಂತಿತೇ? ಅದೂ ಇಲ್ಲ. 1957ರಲ್ಲಿ ಕ್ಲಾಸ್ ಶ್ವಾರ್ಟ್ಸ್ ಎಂಬ ವಿಜ್ಞಾನಿ, ಇಲಿಯ ಲಿವರನ್ನು ಕಾಯುತ್ತಿದ್ದುದು ಸೆಲೆನಿಯಂ ಎಂದು ತೋರಿಸಿದರು. ಸಿಸ್ಟಿನ್ನಿನ ಹೆಗ್ಗಳಿಕೆಯ ಬಹುಭಾಗ ಅದಕ್ಕೆ ಕಲಬೆರಕೆಯಾಗಿ ಅಂಟಿಕೊಂಡು ಬಂದಿದ್ದ ಕಣದಷ್ಟು ಸೆಲೆನಿಯಂನದಾಗಿತ್ತು. ಹೊಗಳಿಕೆ ದೊರೆಗೆ, ದುಡಿದವನು ಆಳು. ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಇದೇ ಸಿಸ್ಟಿನ್ನನ್ನು ಆಹಾರದಲ್ಲಿ ಅತಿಯಾಗಿ ಬೆರೆಸಿ ತಿನ್ನಿಸಿದರೆ ಇಲಿಯ ಲಿವರ್ ಕೆಡುತ್ತದೆ ಎಂದು ಕರ್ಟಿಸ್ ಮತ್ತು ನ್ಯೂಬರ್ಗ್ ಎಂಬ ಅಮೆರಿಕನ್ನರು 1927ರಲ್ಲೇ, ಅಂದರೆ ಹಿಮ್ಸ್‌ವರ್ತ್‌ಗಿಂತ ಹದಿನೇಳು ವರ್ಷ ಮೊದಲೇ, ಬರೆದಿಟ್ಟಿದ್ದರು. ಒಂದೇ ವಸ್ತು, ಒಂದೇ ಪ್ರಾಣಿ, ಒಂದೇ ಅಂಗ. ಇಲ್ಲದಿದ್ದಾಗಲೂ ಕೇಡು, ತುಂಬಿದಾಗಲೂ ಕೇಡು. ಮಾರುವವರು ಈ ನಾಣ್ಯದ ಒಂದು ಮುಖವನ್ನಷ್ಟೇ ಲೇಬಲ್ಲಿಗೆ ಅಚ್ಚು ಹಾಕಿಸಿಕೊಂಡರು.

ಮನುಷ್ಯರ ವಿಷಯಕ್ಕೆ ಬರೋಣ. ಲಿವರ್ ಕಾಯಿಲೆಗಳ ಅಧ್ಯಯನವನ್ನೇ ಒಂದು ಶಾಖೆಯಾಗಿ ಕಟ್ಟಿದವರಲ್ಲಿ ಶೀಲಾ ಶೆರ್ಲಾಕ್ ಅವರ ಹೆಸರು ಮೊದಲ ಸಾಲಿನದು. 1959ರಲ್ಲಿ ಬ್ರಿಟನ್ನಿನಲ್ಲಿ ವೈದ್ಯಶಾಸ್ತ್ರದ ಪ್ರೊಫೆಸರ್ ಆದ ಮೊದಲ ಮಹಿಳೆ. ಅವರೂ ಅವರ ಸಂಗಡಿಗರೂ ಸಿರೋಸಿಸ್ ರೋಗಿಗಳಿಗೆ, ಅಂದರೆ ಲಿವರ್ ನಾರುಗಟ್ಟಿದವರಿಗೆ, ಮಿಥಿಯೊನಿನ್ನನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಲಿವರ್ ಸುಧಾರಿಸಲಿಲ್ಲ. ಹಲವರಿಗೆ ಮಂಪರು ಹತ್ತಿತು, ಮಾತು ತೊದಲಿತು, ಚಾಚಿದ ಕೈ ಹಕ್ಕಿಯ ರೆಕ್ಕೆಯಂತೆ ಅದುರಿತು. ಲಿವರ್ ಸೋತು ಮಿದುಳು ಮಬ್ಬಾಗುವ ಸ್ಥಿತಿಯ ಲಕ್ಷಣಗಳೇ ಇವು. ಇನ್ನೂ ಕುತೂಹಲದ ಸಂಗತಿಯೆಂದರೆ, ಜೊತೆಗೆ ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟಾಗ ಈ ತೊಂದರೆ ತಪ್ಪಿತು. ಅಂದರೆ ಕರುಳಿನ ಬ್ಯಾಕ್ಟೀರಿಯಾಗಳು ಮಿಥಿಯೊನಿನ್ನನ್ನು ಮುರಿದು ಏನೋ ವಿಷ ಹುಟ್ಟಿಸುತ್ತಿದ್ದವು, ದಣಿದ ಲಿವರಿಗೆ ಅದನ್ನು ತಡೆಯಲಾಗುತ್ತಿರಲಿಲ್ಲ. ಈ ವರದಿ ಬಂದದ್ದು 1956ರಲ್ಲಿ.

ಆ ವಿಷದ ಒಂದು ಸುಳಿವು ಅದಕ್ಕೆ ಒಂದು ವರ್ಷ ಮೊದಲೇ ಸಿಕ್ಕಿತ್ತು. ಲಿವರ್ ಪೂರ್ತಿ ಸೋತವರ ಉಸಿರಿನಲ್ಲಿ ಒಂದು ವಿಚಿತ್ರ ವಾಸನೆ ಇರುತ್ತದೆ; ಮುಗ್ಗಲು ಹಿಡಿದ ಸಿಹಿಯಂಥ ಕಮಟು. ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸುಗಳಿಗೆ ಅದು ಬಾಗಿಲಲ್ಲೇ ಗೊತ್ತಾಗುತ್ತದೆ. ಅಂಥ ಒಬ್ಬ ರೋಗಿಯ ಮೂತ್ರದಿಂದ ಚಾಲೆಂಜರ್ ಮತ್ತು ವಾಲ್ಶ್ 1955ರಲ್ಲಿ ಮೀಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಅನಿಲವನ್ನು ಬೇರ್ಪಡಿಸಿದರು. ಅದು ಹುಟ್ಟುವುದು ಮಿಥಿಯೊನಿನ್ನಿನಿಂದ. ಲಿವರ್ ಸೋತವನ ಉಸಿರಲ್ಲಿ ನಾರುವ ವಸ್ತುವಿನ ಕಚ್ಚಾ ಸರಕನ್ನೇ ಲಿವರಿನ ಬಲವರ್ಧಕವೆಂದು ಮಾರುವುದಕ್ಕೆ ಏನೆನ್ನಬೇಕು?

ಇಲ್ಲೊಂದು ಮಾತನ್ನು ನೇರವಾಗಿ ಹೇಳಬೇಕು, ಇಲ್ಲವಾದರೆ ನನ್ನ ವಾದವೂ ಟಾನಿಕ್ಕಿನ ಜಾಹೀರಾತಿನಷ್ಟೇ ಅಪ್ರಾಮಾಣಿಕವಾಗುತ್ತದೆ. ಎರಡು ಚಮಚ ಸಿರಪ್ಪಿನಲ್ಲಿರುವ ಮಿಥಿಯೊನಿನ್ ಅತ್ಯಲ್ಪ. ಆರೋಗ್ಯವಂತನ ಲಿವರ್ ಅದಕ್ಕೆ ಕುಸಿದು ಬೀಳುವುದಿಲ್ಲ. ಆ ಚಮಚದ ದೊಡ್ಡ ದೋಷ ಅದರ ನಿರುಪಯೋಗ. ಅಪಾಯ ಇರುವುದು ಗ್ರಾಂ ಲೆಕ್ಕದಲ್ಲಿ ನುಂಗುವ ಕ್ಯಾಪ್ಸೂಲು, ಪುಡಿಗಳಲ್ಲಿ. ಆದರೆ ಒಂದು ಪ್ರಶ್ನೆ: ಲಿವರ್ ಹೆಸರಿನ ಸರಕನ್ನು ಕೊಳ್ಳುವವರು ಯಾರು? ಆರೋಗ್ಯವಂತರಲ್ಲ. ಕಾಮಾಲೆ ಆದವರು, ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಎಂದು ಬರೆಸಿಕೊಂಡವರು, ವರ್ಷಗಟ್ಟಲೆ ಕುಡಿದವರು. ಯಾರಿಗೆ ಮಿಥಿಯೊನಿನ್ ಹೊರೆಯಾಗಬಲ್ಲದೋ ಅವರನ್ನೇ ಹುಡುಕಿಕೊಂಡು ಹೋಗುವ ವ್ಯಾಪಾರವಿದು. ಕೊಂಡವನ ಲಿವರ್ ಯಾವ ಹಂತದಲ್ಲಿದೆ ಎಂಬುದು ಬಾಟಲಿಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿಲ್ಲ.

ಈಗ ಮೊದಲನೆಯ ಮಾತು: ಇದು ಊಟವಲ್ಲವೇ? ಅಲ್ಲ. ಊಟದಲ್ಲಿ ಅಮೈನೋ ಆಮ್ಲ ಒಂಟಿಯಾಗಿ ಬರುವುದಿಲ್ಲ, ಇಪ್ಪತ್ತರ ಮೆರವಣಿಗೆಯಲ್ಲಿ ಬರುತ್ತದೆ. ಪ್ರೋಟೀನಿನ ಸರಪಳಿಯನ್ನು ಹೊಟ್ಟೆ, ಕರುಳು ಗಂಟೆಗಟ್ಟಲೆ ಬಿಡಿಸಿ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತವೆ. ಬಿಡಿ ಪುಡಿಗೆ ಆ ಸಾವಧಾನವಿಲ್ಲ. ಒಂದೇ ಸಲ ಲಿವರಿನ ಬಾಗಿಲಿಗೆ ನುಗ್ಗುತ್ತದೆ. ಪ್ರಮಾಣವನ್ನೂ ನೋಡಿ. ದೊಡ್ಡವರಿಗೆ ದಿನಕ್ಕೆ ಬೇಕಾದ ಗಂಧಕದ ಅಮೈನೋ ಆಮ್ಲಗಳು ದೇಹತೂಕದ ಪ್ರತಿ ಕಿಲೋಗೆ ಸುಮಾರು 15 ಮಿಲಿಗ್ರಾಂ. ಅರವತ್ತು ಕಿಲೋ ತೂಗುವವರಿಗೆ ಮಿಥಿಯೊನಿನ್, ಸಿಸ್ಟೀನ್ ಎರಡೂ ಸೇರಿ ಒಂದು ಗ್ರಾಂ ಕೂಡ ಬೇಡ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 200 ಮಿಲಿಗ್ರಾಂ ಮಿಥಿಯೊನಿನ್ ಸಿಗುತ್ತದೆ. 500 ಮಿಲಿಗ್ರಾಂನ ಎರಡು ಕ್ಯಾಪ್ಸೂಲು ನುಂಗಿದವನು ಊಟಕ್ಕೆ ಕೂರುವ ಮೊದಲೇ ದಿನದ ಲೆಕ್ಕ ಮೀರಿದ್ದಾನೆ.

ನಮ್ಮ ಅಜ್ಜಿಯರು ಈ ಲೆಕ್ಕವನ್ನು ರಸಾಯನಶಾಸ್ತ್ರ ಓದದೆ ಮಾಡಿಟ್ಟಿದ್ದರು. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ, ಮಿಥಿಯೊನಿನ್ ಕಡಿಮೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಮಿಥಿಯೊನಿನ್ ಪರವಾಗಿಲ್ಲ. ರಾಗಿ, ಎಳ್ಳುಗಳಲ್ಲಿ ಮಿಥಿಯೊನಿನ್ ಚೆನ್ನಾಗಿಯೇ ಇದೆ. ಮುದ್ದೆಗೆ ಹುರುಳಿಸಾರು, ಅನ್ನಕ್ಕೆ ತೊವ್ವೆ, ರೊಟ್ಟಿಗೆ ಕಾಳುಪಲ್ಲೆ: ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳಿವು. ಇಲ್ಲಿ ಮುಖ್ಯವಾದದ್ದು ರಾಶಿಗಿಂತ ಹೊಂದಾಣಿಕೆ. ಹೊಂದಾಣಿಕೆ ತಪ್ಪಿದರೆ ಏನಾಗಬಹುದೆಂಬ ಚರ್ಚೆಯೂ ನಮ್ಮ ದಖ್ಖನ್ನಿನ ನೆಲದಲ್ಲೇ ನಡೆದಿದೆ. ಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಪೆಲಾಗ್ರಾ ಎಂಬ ಚರ್ಮದ ಕಾಯಿಲೆ ಕಾಣಿಸಿಕೊಂಡಾಗ, ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೇ ಕಾರಣವಿರಬಹುದೆಂದು ಹೈದರಾಬಾದಿನ ಸಿ. ಗೋಪಾಲನ್ 1960ರಲ್ಲಿ ವಾದಿಸಿದರು. ಟ್ರಿಪ್ಟೊಫ್ಯಾನ್ ನಿಯಾಸಿನ್ ವಿಟಮಿನ್ನಾಗಿ ಮಾರ್ಪಡುವುದನ್ನು ಲ್ಯೂಸಿನ್ನಿನ ಅತಿ ತಡೆಯುತ್ತದೆ ಎಂಬುದು ಅವರ ಊಹೆ. ಆ ಊಹೆಯನ್ನು ಮುಂದೆ ಪ್ರಶ್ನಿಸಿದವರೂ ಉಂಟು. ಆದರೆ ಒಂದು ಅಮೈನೋ ಆಮ್ಲದ ಅತಿ ಇನ್ನೊಂದರ ಹಾದಿಗೆ ಅಡ್ಡ ಬರಬಹುದೆಂದು ಅವರು ಅರವತ್ತರ ದಶಕದಲ್ಲೇ ಯೋಚಿಸುತ್ತಿದ್ದರು. ಇಂದಿನ ಜಿಮ್ಮಿನ ಗುರುಗಳಿಗೆ ಆ ಯೋಚನೆಯೇ ಹತ್ತಿರ ಸುಳಿಯುವುದಿಲ್ಲ.

ಬಿಡಿ ಅಮೈನೋ ಆಮ್ಲ ಊಟಕ್ಕಿಂತ ಮೇಲೆಂಬ ಭ್ರಮೆಗೆ ಚರಿತ್ರೆ ಇನ್ನೊಮ್ಮೆ ಕಪಾಳಕ್ಕೆ ಕೊಟ್ಟಿದೆ. 1945ರಲ್ಲಿ ಬೆಲ್ಸೆನ್ ಯಾತನಾ ಶಿಬಿರ ಬಿಡುಗಡೆಯಾದಾಗ ಜ್ಯಾನೆಟ್ ವಾನ್, ಚಾರ್ಲ್ಸ್ ಡೆಂಟ್, ರೋಸಲಿಂಡ್ ಪಿಟ್-ರಿವರ್ಸ್ ಎಂಬ ಮೂವರು ಬ್ರಿಟಿಷ್ ತಜ್ಞರು ಅಲ್ಲಿಗೆ ಹೋದರು. ಎಲುಬುಗೂಡಾದವರಿಗೆ ಮೊದಲೇ ಮುರಿದಿಟ್ಟ ಪ್ರೋಟೀನು, ಅಂದರೆ ಅಮೈನೋ ಆಮ್ಲಗಳ ದ್ರವ, ಸುಲಭವಾಗಿ ಜೀರ್ಣವಾದೀತೆಂಬ ನಿರೀಕ್ಷೆ ಅವರದಾಗಿತ್ತು. ಆ ದ್ರವದ ರುಚಿಯನ್ನು ರೋಗಿಗಳು ಸಹಿಸಲಿಲ್ಲ. ಇಂಜೆಕ್ಷನ್ನಿನ ಸೂಜಿ ಕಂಡರೆ ನಡುಗಿದರು. ಆ ಶಿಬಿರದಲ್ಲಿ ಸೂಜಿಗಿದ್ದ ಅರ್ಥವೇ ಬೇರೆ. ಕೊನೆಗೆ ಫಲ ಕೊಟ್ಟದ್ದು ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ಕುಡಿಸಿದ ಹಾಲು. ಹಸಿವಿನಿಂದ ಸಾಯುತ್ತಿದ್ದವರ ದೇಹಕ್ಕೇ ಬೇಡವಾದದ್ದು, ಮೂರು ಹೊತ್ತು ಉಂಡು ಸೋಫಾದಲ್ಲಿ ಕೂತವರಿಗೆ ಹೇಗೆ ಅನಿವಾರ್ಯವಾಯಿತು?

ಮೂರನೆಯ ಮಾತು ಎಲ್ಲಕ್ಕಿಂತ ಮೋಸದ್ದು: ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಹೋಗುವುದು ನಿಜ, ಆದರೆ ಅಮೈನೋ ಆಮ್ಲವಾಗಿ ಹೋಗುವುದಿಲ್ಲ. ಮೂತ್ರಪಿಂಡ ಸೋಸಿದ ಅಮೈನೋ ಆಮ್ಲವನ್ನು ಬಹುಪಾಲು ಅದೇ ವಾಪಸ್ ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ. ಕೊಬ್ಬಿಗೆ ದೇಹದಲ್ಲಿ ಉಗ್ರಾಣವಿದೆ, ಸಕ್ಕರೆಗೆ ಸಣ್ಣದೊಂದು ಡಬ್ಬಿಯಾದರೂ ಇದೆ, ಹೆಚ್ಚುವರಿ ಅಮೈನೋ ಆಮ್ಲಕ್ಕೆ ಏನೂ ಇಲ್ಲ. ಬಂದದ್ದನ್ನು ಆಗಿಂದಾಗ ಮುರಿಯಲೇಬೇಕು. ಮುರಿದಾಗ ಅಮೋನಿಯಾ ಬರುತ್ತದೆ, ಅಮೋನಿಯಾ ಮಿದುಳಿಗೆ ವಿಷ. ಅದನ್ನು ನಿರಪಾಯದ ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುವ ಕಾರ್ಖಾನೆ ಯಾವುದು? ಲಿವರ್. ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ 1932ರಲ್ಲಿ ಬಿಡಿಸಿಟ್ಟ ಚಕ್ರವದು. ಅದಕ್ಕೂ ನಲವತ್ತು ವರ್ಷ ಹಿಂದೆಯೇ ರಷ್ಯಾದ ಪಾವ್ಲೋವ್ ಮತ್ತು ಸಂಗಡಿಗರು, ಕರುಳಿನ ರಕ್ತ ಲಿವರಿಗೆ ಹೋಗದೆ ಬಳಸಿ ಹೋಗುವಂತೆ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಮಾಂಸ ಹಾಕಿದ್ದರು. ಮಾಂಸ ತಿಂದ ನಾಯಿಗಳು ಅಮಲೇರಿದಂತೆ ತೂರಾಡಿ ಪ್ರಜ್ಞೆ ತಪ್ಪಿದವು. ಆದ್ದರಿಂದ ಮೂತ್ರದಲ್ಲಿ ಹೋಗುತ್ತದೆ ಎಂದು ಭುಜ ಹಾರಿಸುವುದು, ಮನೆ ತುಂಬ ಕಸ ಚೆಲ್ಲಿ ಪೌರಕಾರ್ಮಿಕರು ಬಂದು ಎತ್ತುತ್ತಾರೆ ಬಿಡಿ ಎಂದಂತೆ. ಎತ್ತುವವರ ಬೆನ್ನು ಯಾರದು?

ಮಿಥಿಯೊನಿನ್ನಿನ ವಿಷಯದಲ್ಲಿ ಆ ಬೆನ್ನಿನ ಮೇಲಿನ ಭಾರ ಇನ್ನೂ ಹೆಚ್ಚು. ಲಿವರ್ ಮೊದಲು ಅದನ್ನು ಎಸ್-ಅಡಿನೊಸಿಲ್ ಮಿಥಿಯೊನಿನ್ ಆಗಿ ಮಾರ್ಪಡಿಸುತ್ತದೆ. ದೇಹದ ನೂರಾರು ಕೆಲಸಗಳಿಗೆ ಮೀಥೈಲ್ ತುಣುಕನ್ನು ದಾನ ಮಾಡುವ ವಸ್ತುವದು. ದಾನ ಮುಗಿದ ಮೇಲೆ ಉಳಿಯುವುದು ಹೋಮೋಸಿಸ್ಟೀನ್. ಅದನ್ನು ವಿಲೇವಾರಿ ಮಾಡಲು ಬಿ6, ಬಿ12, ಫೋಲೇಟ್ ಬೇಕು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯವಾಗಿರುವ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಎಸ್-ಅಡಿನೊಸಿಲ್ ಮಿಥಿಯೊನಿನ್ ಮಿತಿ ಮೀರದಂತೆ ನೋಡಿಕೊಳ್ಳಲೆಂದೇ ಲಿವರ್ ಒಂದು ಕಿಣ್ವವನ್ನು ಹೇರಳವಾಗಿ ಇಟ್ಟುಕೊಂಡಿದೆ: ಗ್ಲೈಸಿನ್ ಎನ್-ಮೀಥೈಲ್ ಟ್ರಾನ್ಸ್‌ಫರೇಸ್. ಹೆಚ್ಚಾದ ಮೀಥೈಲನ್ನು ಗ್ಲೈಸಿನ್ನಿಗೆ ಅಂಟಿಸಿ ಖಾಲಿ ಮಾಡುವುದಷ್ಟೇ ಅದರ ಕೆಲಸ, ಕೆರೆ ತುಂಬಿದಾಗ ನೀರು ಬಿಡುವ ಕೋಡಿಯಂತೆ.

ಈ ಕೋಡಿ ಮುಚ್ಚಿದರೆ ಏನಾಗುತ್ತದೆ? ಆ ಕಿಣ್ವವಿಲ್ಲದೆ ಹುಟ್ಟುವ ಮಕ್ಕಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ಮೊದಲು ಗುರುತಿಸಿದವರು ಒಂದೇ ಮನೆಯ ಇಬ್ಬರು ಇಟಾಲಿಯನ್ ಮಕ್ಕಳು, 2001ರಲ್ಲಿ. ರಕ್ತದಲ್ಲಿ ಮಿಥಿಯೊನಿನ್ ಬಹುಪಟ್ಟು ಏರಿತ್ತು, ಲಿವರಿನ ಕಿಣ್ವಗಳೂ ಏರಿದ್ದವು. ಇದೇ ಕಿಣ್ವವನ್ನು ತೆಗೆದುಹಾಕಿದ ಇಲಿಗಳಲ್ಲಿ ಲಿವರಿಗೆ ಕೊಬ್ಬು ಹತ್ತಿತು, ನಾರುಗಟ್ಟಿತು, ಕೊನೆಗೆ ಕ್ಯಾನ್ಸರ್ ಗಡ್ಡೆ ಎದ್ದಿತು. ಇನ್ನು ಎಸ್-ಅಡಿನೊಸಿಲ್ ಮಿಥಿಯೊನಿನ್ನನ್ನು ತಯಾರಿಸುವ ಕಿಣ್ವವನ್ನೇ ತೆಗೆದ ಇಲಿಗಳಲ್ಲೂ ಕೊಬ್ಬು, ಉರಿಯೂತ, ಕ್ಯಾನ್ಸರ್. ಕಡಿಮೆಯಾದರೂ ಅದೇ ಗತಿ, ಹೆಚ್ಚಾದರೂ ಅದೇ ಗತಿ. ಬಿಡಿಬಿಡಿಯಾಗಿ ಅತಿ ತಿನ್ನಿಸಿದಾಗ ಪ್ರಾಣಿಗಳ ಬೆಳವಣಿಗೆಯನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸುವ ಅಮೈನೋ ಆಮ್ಲ ಮಿಥಿಯೊನಿನ್ ಎಂದು ಹಾರ್ಪರ್ ಮತ್ತು ಸಂಗಡಿಗರು 1970ರಲ್ಲೇ ಸಾರಾಂಶ ಕೊಟ್ಟಿದ್ದರು. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ನೇರ ಅಂಟಿಸಬಾರದೆಂದು ಯಾರಾದರೂ ಆಕ್ಷೇಪಿಸಿಯಾರು. ಒಪ್ಪುತ್ತೇನೆ. ಆದರೆ ಟಾನಿಕ್ಕಿನ ಇಡೀ ಸಮರ್ಥನೆ ನಿಂತಿರುವುದೂ ಇಲಿಯ ಬೆನ್ನ ಮೇಲೆಯೇ. ಕೊರತೆಯ ಇಲಿಯನ್ನು ಸಾಕ್ಷಿಗೆ ಕರೆದವರು ಅತಿಯ ಇಲಿಯನ್ನು ಕೋರ್ಟಿನ ಹೊರಗೆ ನಿಲ್ಲಿಸುವಂತಿಲ್ಲ.

ನಾಲ್ಕನೆಯ ಮಾತು, ಡಾಕ್ಟರುಗಳೇ ಕೊಡುತ್ತಾರಲ್ಲ ಎಂಬುದು. ಹೌದು. ಯಾರಾದರೂ ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಹಿಡಿಗಟ್ಟಲೆ ನುಂಗಿದರೆ ಲಿವರಿನ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಬರಿದಾಗುತ್ತದೆ. ಅದನ್ನು ಮತ್ತೆ ಕಟ್ಟಲು ಗಂಧಕ ಬೇಕು. ಇದಕ್ಕಾಗಿ ಒಂದು ಕಾಲದಲ್ಲಿ ಮಿಥಿಯೊನಿನ್ನನ್ನು ನಾಲ್ಕು ಗಂಟೆಗೊಮ್ಮೆ 2.5 ಗ್ರಾಂನಂತೆ ನಾಲ್ಕು ಸಲ ಕೊಡುತ್ತಿದ್ದರು. ಈಗ ಬಹುತೇಕ ಎಲ್ಲೆಡೆ ಎನ್-ಅಸಿಟೈಲ್ ಸಿಸ್ಟೀನನ್ನು ಆರಿಸಿಕೊಳ್ಳುತ್ತಾರೆ. ಆದರೆ ಆ ಚಿಕಿತ್ಸೆಯ ಜೊತೆಗೇ ಒಂದು ಎಚ್ಚರಿಕೆ ಬರೆದಿರುತ್ತಿತ್ತು: ನುಂಗಿದ ಹತ್ತು ಹನ್ನೆರಡು ಗಂಟೆಯ ಮೇಲೆ, ಲಿವರ್ ಕೆಡಲು ಶುರುವಾದ ಮೇಲೆ, ಮಿಥಿಯೊನಿನ್ ಬೇಡ, ಹಾನಿಯಾದೀತು. ಬೆಂಕಿ ಹೊತ್ತಿದ ಮನೆಗೆ ಅಗ್ನಿಶಾಮಕದವರು ನೀರು ಹೊಡೆದರೆಂದು ದಿನಾ ಬೆಳಗ್ಗೆ ಹಾಸಿಗೆಗೆ ಬಕೆಟ್ ನೀರು ಸುರಿದುಕೊಳ್ಳುವುದಿಲ್ಲ ತಾನೆ? ಸಿರೋಸಿಸ್ ಆದವರಿಗೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರನ್ನು ಕೊಡುವುದೂ ನಿಜ. ಅವನ್ನು ಮುಖ್ಯವಾಗಿ ಸ್ನಾಯು ಬಳಸಿಕೊಳ್ಳುತ್ತದೆ, ಲಿವರಿಗೆ ಹೊರೆ ಕಡಿಮೆ. ಯಾವುದು, ಎಷ್ಟು, ಯಾವಾಗ, ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರ ಬರೆದ ಮೇಲೆ ಡಾಕ್ಟರು ಸಹಿ ಹಾಕುತ್ತಾರೆ. ಟಾನಿಕ್ ಕೊಳ್ಳುವವನು ಒಂದಕ್ಕೂ ಉತ್ತರ ಕೇಳುವುದಿಲ್ಲ.

ಜಿಮ್ಮಿನ ಡಬ್ಬಿಯ ಬಗ್ಗೆ ಎರಡು ಮಾತು. ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಹಳೆಯ ವಿಧಾನ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ್ದು. ಅದು ಅಳೆಯುವುದು ಸಾರಜನಕವನ್ನು. ಬಂದ ಸಂಖ್ಯೆಯನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಆದ್ದರಿಂದ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪುಡಿ ಬೆರೆಸಿದರೆ ಲೇಬಲ್ಲಿನ ಪ್ರೋಟೀನ್ ಏರುತ್ತದೆ. 2008ರಲ್ಲಿ ಚೀನಾದ ಹಾಲಿನಪುಡಿಗೆ ಮೆಲಮೈನ್ ಬೆರೆಸಿದವರೂ ಆಡಿದ್ದು ಇದೇ ಆಟ. ಕೇರಳದ ಲಿವರ್ ತಜ್ಞ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು. ಸುಮಾರು ಶೇಕಡಾ 70ರಷ್ಟು ಡಬ್ಬಿಗಳಲ್ಲಿ ಪ್ರೋಟೀನಿನ ಲೆಕ್ಕ ತಪ್ಪಿತ್ತು, ಕೆಲವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವೂ ಇತ್ತು.

ಅಫ್ಲಾಟಾಕ್ಸಿನ್ ಎಂದಾಗ ಕನ್ನಡಿಗರಿಗೆ ಮೈಸೂರು ನೆನಪಾಗಬೇಕು. ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಕ್ಕಳಿಗೆ ಅಲ್ಲಿ ಕಡಲೆಕಾಯಿಯ ಪ್ರೋಟೀನ್ ಹಿಟ್ಟು ತಿನ್ನಿಸಿದ್ದರು. ಹಿಟ್ಟಿಗೆ ಬೂಷ್ಟಿನ ವಿಷ ಸೇರಿದ್ದು ಗೊತ್ತಾದದ್ದು ಆಮೇಲೆ. ಆ ಮಕ್ಕಳಲ್ಲಿ ಕೆಲವರ ಲಿವರ್ ನಾರುಗಟ್ಟಿ ಸಿರೋಸಿಸ್ಸಿಗೆ ಹೋಯಿತೆಂಬ ವರದಿ 1971ರಲ್ಲಿ ಅಚ್ಚಾಯಿತು. ಕೊಟ್ಟವರ ಉದ್ದೇಶದಲ್ಲಿ ಕಲ್ಮಷವಿರಲಿಲ್ಲ. ಪ್ರೋಟೀನ್ ಎಂಬ ಹೆಸರಿದ್ದರೆ ಸಾಕು, ಸಂಶಯ ಬೇಡ ಎಂಬ ಕಾಲದ ನಂಬಿಕೆ ಅವರ ಮೇಲೂ ಇತ್ತು. 1989ರಲ್ಲಿ ಅಮೆರಿಕದಲ್ಲೂ ಅದೇ ನಂಬಿಕೆಯಲ್ಲಿ ನಿದ್ದೆಗೆಂದು ಟ್ರಿಪ್ಟೊಫ್ಯಾನ್ ನುಂಗಿದ 1,500ಕ್ಕೂ ಹೆಚ್ಚು ಜನ ಸ್ನಾಯುಗಳನ್ನು ಹಿಂಡುವ ಕಾಯಿಲೆಗೆ ಬಿದ್ದರು, 30ಕ್ಕೂ ಹೆಚ್ಚು ಮಂದಿ ಸತ್ತರು. ಬೆರಳು ತೋರಿದ್ದು ಜಪಾನಿನ ಒಂದೇ ಕಂಪನಿಯ ಸರಕಿನ ಕಡೆಗೆ.

ಹಾಗೆಂದು ನಾನು ಬೇಳೆಯ ಶತ್ರುವಲ್ಲ. ಈ ಲೇಖನ ಓದಿ ಯಾರಾದರೂ ಕಾಮಾಲೆಯವರಿಗೆ ಬರೀ ಗಂಜಿ, ಮಜ್ಜಿಗೆ ಎಂದು ಪಥ್ಯ ಕಟ್ಟಿದರೆ ಅದು ಇನ್ನೊಂದು ಕೆಡುಕು. ಸಿರೋಸಿಸ್ ಇದ್ದವರಿಗೆ ಪ್ರೋಟೀನ್ ನಿಲ್ಲಿಸಬಾರದು, ಕಿಲೋಗೆ 1.2ರಿಂದ 1.5 ಗ್ರಾಂವರೆಗೆ ಊಟದಿಂದ ಸಿಗಬೇಕು ಎನ್ನುವುದು ಇಂದಿನ ವೈದ್ಯಮತ. ಆರೋಗ್ಯವಂತರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವುದು ಕಿಲೋಗೆ 0.83 ಗ್ರಾಂ, ಕಾಳು, ಹಾಲು, ಮೊಟ್ಟೆ, ಮೀನು ಇರುವ ಮನೆಯಲ್ಲಿ ಅದು ಕಷ್ಟವಲ್ಲ. 2024ರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿಗಳಿಂದ ದೂರವಿರಿ ಎಂದು ಅದೇ ಮಂಡಳಿ ಹೇಳಿದೆ. ದುಡ್ಡಿಲ್ಲದೆ ಕಾಳು ಕೊಳ್ಳಲಾಗದ ಮನೆಗೆ ಕಾಳು ಮುಟ್ಟಿಸುವುದು ನಿಜವಾದ ಕೆಲಸ. ಬಾಟಲಿ ಆ ಕೆಲಸದ ಸೋಗು.

ಕೊನೆಗೊಂದು ದೃಶ್ಯ. ಲಿವರ್ ಸೋತು ಮಂಪರಿಗೆ ಜಾರಿದ ರೋಗಿಗೆ ದೊಡ್ಡಾಸ್ಪತ್ರೆಯಲ್ಲಿ ಅಮೈನೋ ಆಮ್ಲದ ಡ್ರಿಪ್ ಹಾಕುವುದುಂಟು. ಲಿವರ್ ರೋಗಿಗಳಿಗೆಂದೇ ತಯಾರಿಸಿದ ಆ ಬಾಟಲಿಯಲ್ಲಿ ಬೇಕೆಂದೇ ಕಡಿಮೆ ಮಾಡಿರುವ ಅಮೈನೋ ಆಮ್ಲಗಳಲ್ಲಿ ಮಿಥಿಯೊನಿನ್ ಒಂದು. ಅದೇ ರೋಗಿ ಹದಿನೈದು ದಿನಕ್ಕೆ ಚೇತರಿಸಿಕೊಂಡು, ಹೆಂಡತಿಯ ಭುಜ ಹಿಡಿದು ಗೇಟು ದಾಟುತ್ತಾನೆ. ಎದುರಿಗೇ ಮೆಡಿಕಲ್ ಶಾಪು. ಹೆಂಡತಿ ಪರ್ಸು ತೆರೆದು ಹೇಳುತ್ತಾಳೆ: 'ಅಣ್ಣಾ, ಇವರಿಗೆ ಲಿವರ್‌ಗೆ ಒಂದು ಒಳ್ಳೆ ಟಾನಿಕ್ ಕೊಡಿ.' ಒಳಗೆ ಅಳೆದು ತೂಗಿ ಕಡಿಮೆ ಮಾಡಿದ್ದನ್ನು ಹೊರಗೆ ಅಂಗಡಿಯವನು ಬಿಲ್ಲು ಹಾಕಿ ಕೊಡುತ್ತಾನೆ.